ಡಿ ಸಾಲು, ಹದಿನಾಲ್ಕು

ಎರಡನೇ ವರ್ಷ, ಮೂರನೇ ಪೇಪರು:
ಕ್ರೀಡಾ ನಿರ್ವಹಣೆಯಲ್ಲಿ ಗ್ರಾಹಕ.
ಡಾಕ್ಟರ್ ಲೆನಾಕ್ಸ್ ಬೋರ್ಡಿನ ಮೇಲೆ
ಅಭಿಮಾನಿ ಎಂದು ಬರೆದು, ಅದನ್ನು ಹೊಡೆದುಹಾಕಿ,
ಪಕ್ಕದಲ್ಲೊಂದು ಸೂತ್ರ ಕೊಟ್ಟರು:
ಸೀಸನ್ ಟಿಕೆಟ್ಟು, ಕೂಡಿಸು ಮಾಂಸದ ಪೈ, ಕೂಡಿಸು ಮಫ್ಲರು,
ಗುಣಿಸು ಅವನು ಬದುಕುವ ವರ್ಷಗಳಿಂದ.
ಇದು ಒಬ್ಬನ ಜೀವಮಾನ ಮೌಲ್ಯ.
ಎರಡು ಬಣ್ಣದಲ್ಲಿ ಅಡಿಗೆರೆ ಎಳೆದುಕೊಂಡೆ.

ವಾರಕ್ಕೆರಡು ದಿನ ಪ್ರಾಕ್ಟಿಕಲ್ಲು,
ಸ್ಕಾಟ್ಲೆಂಡಿನ ಪೂರ್ವದಂಡೆಯ ಇನ್ವರ್‌ಕೆಲ್,
ಅಲ್ಲಿನ ಫುಟ್‌ಬಾಲ್ ಕ್ಲಬ್ಬಿನ ಟಿಕೆಟ್ ಕೋಣೆ.
ನಾಲ್ಕನೇ ದರ್ಜೆಯ ಲೀಗು, ಅದರಲ್ಲೂ ಕೆಳಗಿನಿಂದ ಎರಡನೆಯವರು.
ಗೋಲಿನ ಹಿಂದೆಯೇ ಸಮುದ್ರ.
ಕಿಕ್ಕು ಬಿರುಸಾದರೆ ಚೆಂಡು ನೀರಿಗೆ,
ಹೆಕ್ಕಿ ತರುವ ದೋಣಿಯ ಹುಡುಗನಿಗೆ ಚೆಂಡಿಗೊಂದು ಪೌಂಡು.
ಅದಕ್ಕೂ ಖಾತೆಯಲ್ಲಿ ಒಂದು ಕಾಲಮ್ಮಿದೆ.

ನನ್ನ ಕೆಲಸ ತಲೆ ಎಣಿಸುವುದು.
ಕಳೆದ ಶನಿವಾರ ಇನ್ನೂರ ಹದಿಮೂರು;
ಮಂಜು ಕವಿದಿದ್ದರಿಂದ
ಆಚೆ ಬದಿಯವರನ್ನು ಕೆಮ್ಮಿನಿಂದ ಎಣಿಸಿದೆ.
ಮೀನಂಗಡಿಯ ನಾಯಿಯನ್ನು ಸೇರಿಸಿಲ್ಲ.
ಅದು ಒಂದೂ ಪಂದ್ಯ ತಪ್ಪಿಸುವುದಿಲ್ಲ. ಟಿಕೆಟ್ಟಿಲ್ಲ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ನವೆಂಬರಿನ ಒಂದು ಮಂಗಳವಾರ
ಕಿಟಕಿಯಾಚೆ ಮಿಸೆಸ್ ಗೆಡ್ಡಿಸ್,
ಪ್ಲಾಸ್ಟಿಕ್ಕಿನ ಮಳೆಟೊಪ್ಪಿ, ಕಂದು ಕೈಚೀಲ.
"ವಾಲ್ಟರನ ಸೀಟು. ಡಿ ಸಾಲು, ಹದಿನಾಲ್ಕು.
ಇನ್ನೂ ಹನ್ನೊಂದು ಆಟ ಬಾಕಿ ಇವೆ ಮಗಳೇ,
ಆ ದುಡ್ಡು ವಾಪಸು ಬೇಕಿತ್ತು."

ಫಾರಂ ತೆಗೆದೆ. ಕಾರಣಕ್ಕೆ ಮೂರು ಚೌಕ:
ಊರು ಬಿಟ್ಟಿದ್ದಾರೆ. ಅನಾರೋಗ್ಯ. ಸೇವೆಯಲ್ಲಿ ಅತೃಪ್ತಿ.
ಆಕೆ ಕನ್ನಡಕ ಏರಿಸಿ ಓದಿದರು.
"ಮೂರೂ ನಿಜವೇ," ಎಂದರು,
"ಕೊನೆಯದಂತೂ ಮೂವತ್ತೊಂಬತ್ತು ವರ್ಷದಿಂದ."
ನಗು ಬಂತು. ಬರಬಾರದಿತ್ತೇನೋ.
ಪೆನ್ನಿನಲ್ಲಿ ನಾಲ್ಕನೆಯ ಚೌಕ ಬರೆದೆ,
ಮುಂದೆ ಯಾವ ಪದ ಹಾಕಲಿ ತಿಳಿಯದೆ
ಬರಿದೇ ಟಿಕ್ ಹಾಕಿದೆ.

ಕಂಪ್ಯೂಟರಿನಲ್ಲಿ ಅವರಿನ್ನೂ ಹಸಿರು:
ವಾಲ್ಟರ್ ಗೆಡ್ಡಿಸ್, ಎಪ್ಪತ್ತಾರು, ಸಕ್ರಿಯ ಗ್ರಾಹಕ.
ಹುಟ್ಟುಹಬ್ಬದ ರಿಯಾಯಿತಿ ನಿನ್ನೆಯಷ್ಟೇ ಹೋಗಿದೆ.
ಲೆಕ್ಕಕ್ಕುಂಟು, ಆಟಕ್ಕಿಲ್ಲ.
ಅಳಿಸುವ ಮುನ್ನ ಸುಮ್ಮನೆ, ಸೂತ್ರದಂತೆ, ಕೂಡಿಸಿದೆ:
ಒಂಬತ್ತು ಸಾವಿರದ ನಾನೂರ ಎಪ್ಪತ್ತು.
ಪೈಗಳಿಲ್ಲ; ಮನೆಯಿಂದಲೇ ಬ್ರೆಡ್ಡು ಕಟ್ಟಿ ತರುತ್ತಿದ್ದರಂತೆ,
ಅರ್ಧ ಆ ನಾಯಿಗೆ.

"ನನ್ನ ಬೂದಿ ಮೈದಾನಕ್ಕೆ ಹಾಕು ಅಂದಿದ್ದ.
ಹುಲ್ಲಿನ ರೆನ್ನಿಯನ್ನು ಕೇಳಿದೆ, ಆಗಲ್ಲ ಅಂದ.
ಬೂದಿ ಬಿದ್ದಲ್ಲಿ ಹುಲ್ಲು ಸುಡುತ್ತದಂತೆ,
ಒಬ್ಬರಿಗೆ ಹೂಂ ಅಂದರೆ ಊರಿಗೂರೇ ಸಾಲು ನಿಲ್ಲುತ್ತದಂತೆ."
ಕೈಚೀಲವನ್ನು ಬೆರಳಿಂದ ಎರಡು ಸಲ ತಟ್ಟಿದರು.
"ಆಮೇಲೆ ಅವನು ಚಾ ಕುಡಿಯಲು ಹೋದ.
ಕಾರ್ನರ್ ಬಾವುಟದ ಹಿಂದೆ, ಗೆರೆಗೂ ಜಾಹೀರಾತು ಹಲಗೆಗೂ ನಡುವೆ,
ಒಂದೇ ಒಂದು ಟೀ ಚಮಚ."

ಇದನ್ನು ನಾನು ವರದಿ ಮಾಡಬೇಕು.
ಅಪಾಯ ನಿರ್ವಹಣೆ, ಅಧ್ಯಾಯ ಏಳು.
ಎದ್ದು ಪ್ರಿಂಟರಿಗೆ ಕಾಗದ ತುಂಬಿದೆ.

ತೊಂಬತ್ತಾರು ಪೌಂಡು, ಇಪ್ಪತ್ತೈದು ಪೆನ್ಸ್.
ನೋಟುಗಳನ್ನು ಎರಡು ಸಲ ಎಣಿಸಿ
ಚಿಲ್ಲರೆಯನ್ನು ಲೈಫ್‌ಬೋಟಿನ ಡಬ್ಬಿಗೆ ಹಾಕಿ
ಕೆಟಲು ಕೊಳ್ಳಲು ಹೋದರು.

ಮಾರ್ಚಿನಲ್ಲಿ ಅಸೈನ್‌ಮೆಂಟು ವಾಪಸು ಬಂತು: ಐವತ್ತೆಂಟು.
ಅಂಚಿನಲ್ಲಿ ಕೆಂಪು ಶಾಯಿ: ಸೂತ್ರ ಸರಿಯಿದೆ,
ಉದಾಹರಣೆಯ ಕೊನೆಯ ಸಾಲಿಗೆ ಆಧಾರವೇನು?
ನಾನು ಬರೆದದ್ದು ಇಷ್ಟೇ:
ಈ ಗ್ರಾಹಕ ಈಗ ಡಿ ಸಾಲಿನಲ್ಲಿಲ್ಲ,
ಇನ್ನೂ ಹತ್ತಿರ ಕೂತಿದ್ದಾರೆ.

ಆ ಶನಿವಾರ ಬಾವುಟದ ಹಿಂದೆ
ಬಿಲ್ಲೆಯಗಲ ಹುಲ್ಲು ಹಳದಿ.
ರೆನ್ನಿ ಮೊಣಕಾಲೂರಿ ನೋಡಿದ, ಬಹಳ ಹೊತ್ತು.
"ನಾಯಿಯ ಕೆಲಸ," ಅಂದ, ನನ್ನ ಮುಖ ನೋಡದೆ.
"ಬರಕೋ."
ಬರೆದುಕೊಂಡೆ.