ಒಂದು ಚಿಟಿಕೆ ತಡ

ಉಪ್ಪಳದಲ್ಲಿ ಹೆದ್ದಾರಿ ಅಗಲವಾದಾಗ
ಮೊಯ್ದುವಿನ ಮೊಬೈಲ್ ಅಂಗಡಿಯ ಮುಂದಿನ ಮೂರಡಿ ಹೋಯಿತು.
ಬೋರ್ಡಿನಲ್ಲಿ ಮಲಯಾಳ ಪೂರ್ತಿ ಉಳಿಯಿತು,
ಕನ್ನಡದ 'ರಿಪೇರಿ' ಮಾತ್ರ 'ರಿಪೇ' ಎಂದು ನಿಂತುಕೊಂಡಿತು.
ಒಳಮೂಲೆಯಲ್ಲಿ, ಸೋಲ್ಡರಿಂಗ್ ಹೊಗೆಯ ಪಕ್ಕದ ಮೇಜು ನನ್ನದು.
ಬಾಡಿಗೆಯ ಬದಲು ಶನಿವಾರ ಅವನ ಜಿಎಸ್‌ಟಿ ಲೆಕ್ಕ.

ಡಬ್ಬಿಯಲ್ಲಿ ವಾರಸುದಾರರು ಬಾರದ ಫೋನುಗಳು, ಹದಿನೇಳು.
ಬೆನ್ನಿಗಂಟಿದ ಚೀಟಿಯಲ್ಲಿ ಹೆಸರು, ರೋಗ, ರೇಟು:
ಬಂದ್ಯೋಡು ಅಬ್ಬು, ನೀರಿಗೆ ಬಿದ್ದದ್ದು, ಆರುನೂರು.
ಲಲಿತಾಂಬಾ ಟೀಚರ್, ಚಾರ್ಜ್ ನಿಲ್ಲುವುದಿಲ್ಲ.
ಇವೇ ನನ್ನ ಪ್ರಯೋಗಶಾಲೆ. ಮೊಯ್ದುವಿಗೆ ಗೊತ್ತು;
ಗೊತ್ತಿಲ್ಲದ ಹಾಗೆ ಚಹಾ ಕುಡಿಯುತ್ತಾನೆ.

ಕೆಲಸ ಇಷ್ಟೆ:
ಮಾವ ಶಾರ್ಜಾದಿಂದ ತಂದಿದ್ದ ಟಿವಿ ಗೇಮಿನ ಪೆಟ್ಟಿಗೆ,
ಅದರೊಳಗೆ ಕಾಗದ ಹಂಚುವ ಒಂದು ಕಪ್ಪೆ.
ಪೆಟ್ಟಿಗೆ ಸತ್ತು ಇಪ್ಪತ್ತು ವರ್ಷ, ಕಂಪೆನಿಯೂ ಮುಚ್ಚಿದೆ.
ಕಪ್ಪೆಗೆ ಅದು ಗೊತ್ತಾಗಬಾರದು.
ಫೋನು ತಾನೇ ಆ ಪೆಟ್ಟಿಗೆ ಎಂದು ನಟಿಸಬೇಕು:
ಅದರ ಬಡ ನೆನಪು, ಅದರ ಐವತ್ತೆರಡೇ ಬಣ್ಣ,
ಒಂದೇ ಸಾಲಿಗೆ ಒಂಬತ್ತನೆಯ ನೊಣ ಬಂದರೆ
ತಡೆಯಲಾರದೆ ಪಿಳಿಪಿಳಿ ಮಿಟುಕುವುದು,
ಎಲ್ಲವನ್ನೂ.

ಮೊದಲ ದಿನ, ನಾನು ರೆಪ್ಪೆ ಮುಚ್ಚಿ ತೆರೆಯುವುದರೊಳಗೆ
ಕಪ್ಪೆ ಮೂರು ಸಲ ಸತ್ತು ಮುಗಿಸಿತ್ತು.
ಹೊಸ ಚಿಪ್ಪಿಗೆ ಕಾಯಲು ಬರುವುದಿಲ್ಲ.
ಕಾಯುವುದನ್ನು ಸಾಲು ಸಾಲಾಗಿ ಬರೆದೆ:
ನಿಲ್ಲು. ಏನೂ ಮಾಡಬೇಡ. ಈಗ ಹಾರು.
ನಿಲ್ಲು.

ಆರನೆಯ ಬಾವಿಯ ಹತ್ತಿರ ಗೋಡೆಯಲ್ಲೊಂದು ತಪ್ಪಿತ್ತು.
ಮೂಲೆಗೆ ಒತ್ತಿ ಹಾರಿದರೆ ಕಪ್ಪೆ ಗೋಡೆಯೊಳಗೆ ಹೊಕ್ಕು
ಆಚೆ ಬರುತ್ತಿತ್ತು. ನಾನೂ ಅಕ್ಕ ಯಶೋಮತಿಯೂ
ಒಂದು ದೊಡ್ಡ ರಜೆಯಲ್ಲಿ ಕಂಡುಹಿಡಿದ ದಾರಿ.
ಫೋನಿಗೆ ಬಂದಾಗ ಗೋಡೆ ಗಟ್ಟಿಯಾಗಿಬಿಟ್ಟಿತ್ತು.
ಹನ್ನೊಂದು ದಿನ ಕೂತು ಮತ್ತೆ ತೂತು ಮಾಡಿದೆ.
ಪೋಲೆಂಡಿನಿಂದ ಯಾರೋ ಬರೆದರು:
ಗೋಡೆ ಬಿಟ್ಟದ್ದಕ್ಕೆ ಧನ್ಯವಾದ, ಎರಡು ಕಾಫಿಯ ದುಡ್ಡು ಕಳಿಸಿದ್ದೇನೆ.
ಇಲ್ಲಿ ಅದು ನಲವತ್ತು ಚಹಾ ಎಂದು ಮೊಯ್ದು ಲೆಕ್ಕ ಹಾಕಿದ.

ಹತ್ತು ತಿಂಗಳ ಮೇಲೆ ನಫೀಸತ್ತ ಬಂದರು,
ಮದುವೆ ಮನೆಗಳಿಗೆ ಪತ್ತಿರಿ ಸುಡುವವರು.
"ನನ್ನ ಫೋನ್ ಉಂಟಾ, ಮಾರಿ ತಿಂದಿರಾ?"
ನಾನೂರೈವತ್ತು ಎಣಿಸಿ, ಚೀಟಿ ಕಿತ್ತೆಸೆದು ಹೋದರು.
ಕಪ್ಪೆಯನ್ನು ಅಳಿಸಲು ನಾನು ಮರೆತಿದ್ದೆ.

ವಾರ ಕಳೆದು, ಹೆದ್ದಾರಿಯ ಧೂಳು ಕೊಡವುತ್ತ ಮತ್ತೆ ಬಂದರು.
ಬೈಗುಳಕ್ಕೆ ತಯಾರಾಗಿ ಎದ್ದು ನಿಂತೆ.
"ಚಂಚಲಾಕ್ಷೀ, ಈ ಕಪ್ಪೆ ನಿನ್ನದಂತೆ.
ಇದಕ್ಕೆ ಕಿವಿ ಮಂದ.
ನಾನು ಹೇಳಿದ ಮೇಲೆ ಒಂದು ಚಿಟಿಕೆ ಯೋಚಿಸಿ ಹಾರ್ತದೆ.
ಅಷ್ಟರಲ್ಲಿ ಪತ್ತಿರಿ ಕರಟಿ ಹೋಗ್ತದೆ, ಮೋಳೇ."

ಎಷ್ಟು ಚಿಟಿಕೆ, ಕೇಳಿದೆ.
ಎರಡು ಬೆರಳಿನಿಂದ ಮೇಜು ಬಡಿದು ತೋರಿಸಿದರು:
ಇದು ನಾನು. ಇದು ಕಪ್ಪೆ.
ನಲವತ್ತು ವರ್ಷ ಕಾವಲಿಯ ಮೇಲೆ ತಿರುವಿ ತಿರುವಿ
ಗೆರೆ ಅಳಿದ ಬೆರಳು;
ಆಧಾರ್ ಯಂತ್ರ ಮೂರು ಸಲ ಗುರುತಿಲ್ಲ ಎಂದ ಬೆರಳು.

ರಾತ್ರಿ ಅಳೆದೆ. ಮೂರು ಫ್ರೇಮು,
ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲು.
ಕಪ್ಪೆಗೆಂದು ಬರೆದ ಕಾಯುವಿಕೆ
ಬೆರಳಿನ ಬಾಗಿಲಿಗೂ ಚೆಲ್ಲಿತ್ತು;
ಮುಟ್ಟಿದ್ದನ್ನು ಒಳಗೆ ಕಳಿಸದೆ ಇಟ್ಟುಕೊಂಡಿದ್ದೆ,
ಕನ್ನಡದಲ್ಲಿ ಬರೆದ ಅರ್ಜಿಯನ್ನು
ವಿಲೇಜ್ ಆಫೀಸು ಇಟ್ಟುಕೊಳ್ಳುವ ಹಾಗೆ.
ಅಳಿಸಿದ್ದು ನಾಲ್ಕೇ ಸಾಲು.

ಡಬ್ಬಿಯಲ್ಲಿ ಈಗ ಹದಿನಾರು.
ನಫೀಸತ್ತ ಐದನೆಯ ಬಾವಿ ದಾಟಿದ್ದಾರಂತೆ,
ಮೊಯ್ದುವಿನ ಹತ್ತಿರ ಹೇಳಿ ಕಳಿಸಿದ್ದಾರೆ, ಜತೆಗೆ
ಬಾಳೆಲೆಯಲ್ಲಿ ಸುತ್ತಿದ ಆರು ಪತ್ತಿರಿ.
ಗೋಡೆಯ ವಿಷಯ ಹೇಳಬಹುದೋ ಇಲ್ಲವೋ,
ಅಕ್ಕನನ್ನು ಕೇಳಬೇಕು.