ಕಾಲು ತೊಳೆದು ಒಳಗೆ ಬಾ

ನಗಬಾರದಿತ್ತು. ನಕ್ಕುಬಿಟ್ಟೆ.
ದುದ್ದದ ಬಸ್ಸಿಂದ ಸರಸತ್ತಿಗೆ ಇಳಿದಾಗ
ಸೊಂಟದ ಮೇಲೆ ಕೂಸಿನ ಹಾಗೆ ಒಂದು ಪ್ಲಾಸ್ಟಿಕ್ ತಟ್ಟೆ,
ತಟ್ಟೆಯ ಕುಳಿಗಳಲ್ಲಿ ತೆಂಗಿನ ನಾರಿನ ಪುಡಿ,
ಪುಡಿಯಲ್ಲಿ ಬೆರಳುದ್ದದ ಸೊಪ್ಪು.
"ಇದೇನತ್ತಿಗೆ, ಬಸ್ಸಾರಿಗಾ?"
"ಆಲೂಗೆಡ್ಡೆ" ಅಂದಳು.
ಅಷ್ಟೇ ಅಂದದ್ದು.

ನಮ್ಮ ಕಡೆ ಆಲೂಗೆಡ್ಡೆ ಅಂದರೆ ಮೂಟೆ.
ಮೇ ತಿಂಗಳಿಗೆ ಜಲಂಧರದ ಲಾರಿ,
ಹಾಸನದ ಮಂಡಿ ತುಂಬ ತಣ್ಣಗೆ ಬೆವರುವ ಗೋಣಿ.
ಹೇಳಿದ ರೇಟಿಗೆ ತರಬೇಕು,
ಎರಡು ಕಣ್ಣಿಗೊಂದು ಹೋಳು ಕೊಯ್ಯಬೇಕು,
ಸಾಲಿಗಿಳಿಸಿ ಮಣ್ಣೆಳೆದು ಕೂರಬೇಕು.
ಆಮೇಲೆ ಜುಲೈ ಜಡಿ.
ಎಲೆಯಡಿ ಬಿಳಿ ಬೂಷ್ಟು, ಕಂದು ಮಚ್ಚೆ,
ನಾಕನೇ ದಿನಕ್ಕೆ ಹೊಲಕ್ಕೆ ಹೊಲವೇ
ಬೇಯಿಸಿ ಬಸಿದಿಟ್ಟ ಹಾಗೆ.
ಅಂಗಮಾರಿಗೆ ಒಂದು ವಾಸನೆಯಿದೆ.
ಅದನ್ನ ಹೇಳಿಕೊಡಲಾಗದು. ಮೂಸಿದವನು ಮರೆಯಲಾರ.

ಅಣ್ಣ ಸಕಲೇಶಪುರದ ಎಸ್ಟೇಟಿಗೆ ಮರಗಸಿಗೆ ಹೋದ.
ಅತ್ತಿಗೆ ಎಮ್ಮೆ ಕೊಟ್ಟಿಗೆಯ ಪಕ್ಕ
ಹಳೇ ನೈಲಾನ್ ಸೀರೆ ಎರಡು ಹೊಲಿದು ನೆರಳು ಕಟ್ಟಿದಳು.
ಒಳಗೆ ತಾಯಿಗಿಡ. ವಾರ ವಾರ ಕುಡಿ ಚಿವುಟುವುದು,
ಚಿವುಟಿದ್ದನ್ನು ನೆಡುವುದು, ಬೇರು ಬಿಟ್ಟದ್ದನ್ನು ಎಣಿಸುವುದು.
ಮಗಳ ಗಣಿತದ ನೋಟ್ಸು, ಹಿಂದಿನಿಂದ ಶುರು:
"ನೆಟ್ಟದ್ದು ನೂರ ನಾಲ್ಕು. ಸತ್ತದ್ದು ಐವತ್ತೊಂದು.
ಕಾರಣ: ನಾನೇ. ನೀರು ಜಾಸ್ತಿ."

ಸತ್ತದ್ದಕ್ಕೆ ಕಾರಣ ಬರೆದವರನ್ನು
ನಾನು ನಮ್ಮೂರಲ್ಲಿ ಕಂಡದ್ದು ಅದೇ ಮೊದಲು.
ನಾವೆಲ್ಲ ಮಳೆ ಅಂತಿದ್ದೆವು. ಇಲ್ಲ, ಮಂಡಿ ಅಂತಿದ್ದೆವು.
ಎರಡೂ ಸುಳ್ಳಲ್ಲ, ಅದೇ ಕಷ್ಟ.

ಮೊದಲ ವರ್ಷ ಸಸಿಯ ಬುಡ ಕೆದರಿ ತೋರಿಸಿದಳು:
ಗೋಲಿಯಷ್ಟು, ನೆಲ್ಲಿಕಾಯಷ್ಟು, ಕೆಲವು ಕೋಳಿಮೊಟ್ಟೆ.
ಮತ್ತೆ ನಕ್ಕೆ.
"ತಿನ್ನೋದಕ್ಕಲ್ಲ ಕಣೋ, ಇದು ಬಿತ್ತೋದಕ್ಕೆ" ಅಂದು
ಅಟ್ಟದ ಕತ್ತಲಲ್ಲಿ ಹರವಿ,
ಬೆಳುದಿಂಗಳೂ ತಾಗದ ಹಾಗೆ ಕಿಂಡಿಗೆ ಬಟ್ಟೆ ತುರುಕಿದಳು.

ಎರಡನೇ ವರ್ಷದ ಜಡಿಗೆ
ನನ್ನ ಮುಕ್ಕಾಲೆಕರೆ ಬೆಂದು ಹೋಯಿತು.
ಅವಳದ್ದು ಹೋಗಲಿಲ್ಲ ಅಂದರೆ ಸುಳ್ಳಾಗುತ್ತದೆ.
ಕೆಳಗಿನ ಐದು ಸಾಲು ಹೋಯಿತು, ಕಿತ್ತು ಸುಟ್ಟಳು.
ಮೇಲಿನ ಸಾಲಲ್ಲಿ ಹಾರೆ ಹಾಕಿದಾಗ
ಮಣ್ಣಿಂದ ಗೆಡ್ಡೆ ಉರುಳಿದ ಸದ್ದು ಬದುವಿನಾಚೆ ನಿಂತ ನನಗೆ ಕೇಳಿಸಿತು,
ಗೋಡೆಯಾಚೆ ಯಾರದೋ ಮನೆಯ ಊಟದ ಸದ್ದಿನ ಹಾಗೆ.

ಮೂರು ದಿನ ಬಿಟ್ಟು ಹೋದೆ.
ಬಾಗಿಲಲ್ಲಿ ಬೋಗುಣಿ, ಬೋಗುಣಿಯಲ್ಲಿ ಸುಣ್ಣದ ನೀರು.
"ಕಾಲು ತೊಳೆದು ಒಳಗೆ ಬಾ.
ಬೀಡಿ ಮುಟ್ಟಿದ ಕೈಯಾ? ಕೈಯನ್ನೂ."
ಮನೆದೇವರ ಗುಡಿಗೂ ಇಷ್ಟು ಉಜ್ಜಿಕೊಂಡು ಹೋದವನಲ್ಲ ನಾನು.
ಒಳಗೆ ಹಸಿರು ಬೆಳಕು, ಸೀರೆಯ ಹಳೇ ಹೂಗಳ ನೆರಳು
ಸಾವಿರ ಕುಡಿಗಳ ಮೇಲೆ.

"ಒಂದಕ್ಕೆ ಎರಡು ರೂಪಾಯಿ. ನಿಂಗೂ ಅಷ್ಟೇ."
"ಸಾಲ?"
"ಸಾಲ ಕೊಡ್ತೀನಿ, ನೋಟ್ಸಲ್ಲಿ ಬರೀತೀನಿ.
ನೀನೂ ಒಂದು ನೋಟ್ಸು ಇಡು. ಸತ್ತದ್ದು ಬರಿ.
ಕಾರಣದ ಜಾಗದಲ್ಲಿ ಬರೀ 'ದೇವರು' ಅಂತ ಬರೆದರೆ
ಮುಂದಿನ ವರ್ಷ ಸಸಿ ಇಲ್ಲ."

ಅವಳೇನು ಸಾಹುಕಾರ್ತಿ ಆಗಲಿಲ್ಲ.
ಸೂರು ಅದೇ, ಹಂಚು ಅದೇ, ಸೋರುವ ಜಾಗ ಎರಡು.
ಈ ಸಲ ಅಣ್ಣ ಮರಗಸಿಗೆ ಹೋಗಲಿಲ್ಲ;
ಸಸಿಗೆ ನೀರು ಚಿಮುಕಿಸುತ್ತಾನೆ, ಬೈಸಿಕೊಳ್ಳುತ್ತಾನೆ.
ಬಂದ ದುಡ್ಡಲ್ಲಿ ಅವಳು ಕೊಂಡದ್ದು ಒಂದು ತೂಕದ ಯಂತ್ರ,
ಮಂಡಿಯಲ್ಲಿ ಮೂಟೆಗಿಷ್ಟು ಸೂಟು ಅಂತ ಹಿಡಿಯುವವರಿಗೆ
ಮನೆಯಲ್ಲೇ ತೂಗಿದ ಚೀಟಿ ತೋರಿಸಲು.

ಸಂಜೆ ಅದರ ಮೇಲೆ ಊರ ಹುಡುಗರು ಸಾಲಾಗಿ ಹತ್ತಿ ಇಳಿಯುತ್ತಾರೆ.
ನಿನ್ನೆ ನಾನೂ ಹತ್ತಿದೆ.
ಐವತ್ತೆರಡು ಕೇಜಿ, ನಾನ್ನೂರು ಗ್ರಾಂ.
ಅತ್ತಿಗೆ ಪೆನ್ಸಿಲ್ ನಾಲಿಗೆಗೆ ತಾಗಿಸಿ
ಅದನ್ನೂ ಬರೆದುಕೊಂಡಳು.