ಅಚ್ಚಿನ ಮೊಳೆ

ಪ್ರೆಸ್ಸು ಮುಚ್ಚಿದ ದಿನ ಸೀಸಾ ಎಲ್ಲಾ ತೂಕಕ್ಕ ಹೋತು.
ಮೂವತ್ತೊಂದು ವರ್ಷ ನಾ ಜೋಡಿಸಿದ ಅಕ್ಷರ,
ಲಗ್ನಪತ್ರಿಕಿ, ನಾಟಕದ ಹ್ಯಾಂಡ್‌ಬಿಲ್ಲು, ಸೊಸೈಟಿ ರಸೀದಿ,
ಗೋಣಿಚೀಲದಾಗ ಕೂತು ತಕ್ಕಡಿ ಏರಿದ್ವು.
ನಿನಗೇನ ಬೇಕೋ ಈರಸಂಗಪ್ಪ, ಅಂದ್ರು ಮಾಲಕರು.
ಒಂದು ಖಾಲಿ ಕೇಸು ಕೊಡ್ರಿ ಅಂದೆ.
ಸೈಕಲ್ಲಿಗೆ ಕಟಗೊಂಡು ಗದಗದಿಂದ ಬೆಟಗೇರಿಗೆ ತಂದೆ.
ಯಾಕ ಅಂತ ಕೇಳಬ್ಯಾಡ್ರಿ.

ತೇಗಿನ ಕಟಿಗಿ, ನೂರಕ್ಕ ಮಿಕ್ಕಿ ಖಾನಿ.
ನಾಕ ದಿನ ಗ್ವಾಡಿಗೆ ಆನಿಸಿ ಇಟ್ಟಿದ್ದೆ.
ಐದನೇ ದಿನ ನೋಡಿದ್ರ ನೀಲಗಂಗವ್ವ
ತನ್ನ ಬೀಜದ ಸಂಸಾರ ಅದರಾಗ ಹೂಡ್ಯಾಳ.
ಕಡ್ಡಿಪೆಟಿಗ್ಯಾಗಿಂದು, ಗುಳಿಗಿ ಡಬ್ಬ್ಯಾಗಿಂದು,
ಹರಕ ಕುಬಸದ ತುಂಡಿನ್ಯಾಗ ಕಟ್ಟಿದ್ದು,
ಬೂದಿ ಹಚ್ಚಿದ ಚವಳಿ, ಪುಂಡಿ, ಹೀರಿ.

ಅಕಿಗೆ ಓದಾಕ ಬರೂದಿಲ್ಲ.
ಹೀರಿ ಬೀಜ ‘ಠ’ದಾಗ ಮಲಗಿತ್ತು, ಸವತಿ ‘ಛ’ದಾಗ.
ತಿದ್ದಾಕ ಹೋದೆ, ಕೈ ನಿಂತು ಹೋತು.
ನಡುವಿನ ದೊಡ್ಡ ಖಾನಿ, ನೋಡದ ಕೈ ಹೋಗೂ ಜಾಗಾ,
ಅಲ್ಲಿ ನಾವು ‘ದ’ ಇಡತಿದ್ವಿ, ದಿನಾ ಬೇಕಲ್ಲ.
ಅಕಿ ಅಲ್ಲಿ ಮೆಂತೆ ಇಟ್ಟಿದ್ಲು.
ಮೂಲಿಗಿನ ಸಣ್ಣ ಖಾನಿ ‘ಞ’ದ್ದು,
ಜನ್ಮದಾಗ ಎರಡ ಸಲ ಕೈ ಹಾಕಿರಬೇಕು ನಾ.
ಅಲ್ಲಿ ಅಕಿ ಅವ್ವ ಕೊಟ್ಟ ಬಿಳಿ ಮುಳಗಾಯಿ ಬೀಜ.
ಯಾರು ಕಲಿಸಿದ್ರು ಇಕಿಗೆ ಕಂಪೋಜಿಂಗು?

ತಂಗಿ ಕಾಲು ಮುರಕೊಂಡಾಳಂತ ಅಕಿ ರೋಣಕ್ಕ ಹೋದ್ಲು.
ಮರುದಿನ ನನ್ನ ಕೈಯಾಗಿಂದ ಕೇಸು ಜಾರಿತು.
ಪ್ರೆಸ್ಸಿನ್ಯಾಗ ಒಮ್ಮೆನೂ ಬೀಳಿಸಿದಾಂವಲ್ಲ.
ನಡುರಾತ್ರಿ ತನಕ ಆರಿಸಿದೆ.
ಹೀರಿ ಕರ್ರಗ, ಹಾಗಲ ಇಲಿ ಕಡದಂಗ, ಅವು ಸಿಕ್ಕವು.
ರಾಜಗಿರಿ ಯಾವುದು, ಕಿರಕಸಾಲಿ ಯಾವುದು?
ಮೆಣಸಿನಕಾಯಿ ಮತ್ತ ಮುಳಗಾಯಿ?
ಉಲ್ಟಾ ಅಕ್ಷರ ಬೆರಳಿಲೆ ಓದಾಂವ ನಾ,
ಬೀಜದ ಮುಂದ ಸಾಲಿಗೆ ಹೋಗದ ಹುಡುಗ.

ಆ ರಾಶ್ಯಾಗ ಒಂದು ತಣ್ಣಗ ಹತ್ತಿತು ಕೈಗೆ.
‘ಞ’. ಖಾನಿ ಮೂಲ್ಯಾಗ ಸಿಕ್ಕೊಂಡು
ತಕ್ಕಡಿಗೂ ಹೋಗದ ಉಳದಿತ್ತು.

ಆರಿದ್ರಿ ಮಳಿ ಆಗಿತ್ತು. ಎಲ್ಲಾ ಕೂಡಿಸಿ
ಹಿತ್ತಲದ ಎರಿ ಮಣ್ಣಾಗ ದಾರ ಹಿಡದು ಬಿತ್ತಿದೆ.
ಬೀಜ ಕಲಸಿದ್ರೂ ಸಾಲು ಸೊಟ್ಟ ಆಗಲಿಲ್ಲ.
ಕಡೀ ಸಾಲಿನ ತುದಿಗೆ ಅದನ್ನೂ ಊರಿದೆ.
ಯಾಕ ಅಂತ ಕೇಳಬ್ಯಾಡ್ರಿ ಅಂದೆನಲ್ಲ.

ನಳ ಬರೂದು ಎಂಟು ದಿನಕ್ಕೊಮ್ಮೆ.
ಅಕ್ಕಿ ತೊಳದ ನೀರು, ಮಾರಿ ತೊಳದ ನೀರು ಹಾಕಿದೆ.
ಹುಟ್ಟಿದ್ವು. ಎರಡೆರಡು ಎಲಿ,
ನೆರಿಮನಿ ಹುಡುಗರ ಹಂಗ ಎಲ್ಲಾ ಒಂದ ನಮೂನಿ,
ಒಂದೂ ಹೆಸರು ಹೇಳವಲ್ದು.

ಅಕಿ ಬಂದಾಕಿ ಚೀಲಾನೂ ಇಳಸಲಿಲ್ಲ.
ಬಗ್ಗಿ, ಸಾಲಿಗೆ ಬೆರಳು ಹಚ್ಚಿ ಹೊಂಟ್ಲು:
“ಮೂಲಂಗಿ. ಮೂಲಂಗಿ. ಹಕ್ಕರಕಿ. ಇದು ಕಸ, ಕೀಳು.
ಇದು ಇಲ್ಲಿ ಬ್ಯಾಡ, ಆ ಕಡೆ ಹಚ್ಚು.”
ಮೊದಲೆಲ್ಲಾ ಪ್ರೂಫು ನೋಡಾವರು ಚಾಳೀಸು ಹಾಕ್ಕೊಂಡು ಕೂತಿರತಿದ್ರು.
ಇಕಿ ಸೀರಿ ಎತ್ತಿ ಕಟಗೊಂಡು ನೋಡಿದ್ಲು,
ನಾ ಹಿಂದ ಹಿಂದ ತಿದಕೋತ ಹೋದೆ.

ಕಡೀ ಸಾಲಿಗೆ ನಿಂತ್ಲು.
“ಅವ್ವನ ಮುಳಗಾಯಿ?”
ನಾ ಮಾತಾಡಲಿಲ್ಲ.
ಬೋಳು ಜಾಗಾ ಕೆದರಿದ್ಲು. ಸಿಕ್ಕಿದ್ದನ್ನ
ಸೆರಗಿಗೆ ಒರಸಿ ಬಿಸಲಿಗೆ ಹಿಡದ್ಲು.
“ಏನಿದು?”
“ಅಚ್ಚಿನ ಮೊಳಿ.”
“ಮತ್ತ ಮೊಳತಿಲ್ಲಲ್ಲ.”
ನಗತಾಳೇನೋ ಅಂತ ನೋಡಿದೆ. ನಗಲಿಲ್ಲ.
ಬೂದಿ ಹಚ್ಚಿ ಅದರ ಖಾನ್ಯಾಗ ತಿರುಗಿ ಇಟ್ಲು,
ಬರೂ ವರ್ಷದ ಬೀಜದ ಜೋಡಿ.

ಆ ಮ್ಯಾಲೆ, ತಡಾ ಮಾಡಿ, ಮುಳಗಾಯಿ ಸಸಿ ಒಂದು ಎದ್ದೈತಿ.
ಬಿಳೇದೋ ನೀಲಿನೋ ಕಾಯಿ ಬಿಡೂತನಕ
ನಮಗಿಬ್ಬರಿಗೂ ಓದಾಕ ಬರೂದಿಲ್ಲ.
ನಳ ಗುರುವಾರ ಬರತೈತಿ.